ಹುಲಿ ಕಂಡಿತೇ?

ಬಂಡೀಪುರಕ್ಕೆ ಹೋಗಿಬಂದೆನೆಂದರೆ ನಮ್ಮ ಪುಲಿಕೇಶಿನಗರದಲ್ಲಿ ಎಲ್ಲರದೂ ಒಂದೇ ಪ್ರಶ್ನೆ: “ಹುಲಿ ಕಂಡಿತೇ?” ಇಲ್ಲವೆಂದೆ. ಹಣ ದಂಡವಾಯಿತಲ್ಲ ಎಂದು ನೆರೆಮನೆಯ ರಾಯರು ಮರುಗಿದರು.

ಈ ಮರುಕವನ್ನು ನಾನು ಒಪ್ಪಲಾರೆ. ಸಫಾರಿಯ ವಾಹನದಲ್ಲಿಯೂ ಇದೇ ಆತುರ. ಜಿಂಕೆಗಳ ಹಿಂಡು ಎದುರಾದರೆ ನಿಲ್ಲಿಸುವುದು ಬೇಡವೆಂದರು. ಪೊದೆಯಿಂದ ತಲೆಯೆತ್ತಿದ ಕಾಟಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಜಿಂಕೆ ಕಾಟಿಗಳಿಲ್ಲದೆ ಹುಲಿಯುಂಟೆ? ಅವು ಮೇಯುವ ಹುಲ್ಲನ್ನೋ, ಪರದೇಶದಿಂದ ಬಂದ ಲಂಟಾನ ನುಂಗುತ್ತಿದೆ. ಅದರ ಹೂವಿನ ಚಿತ್ರ ತೆಗೆದುಕೊಂಡವರೂ ನಮ್ಮಲ್ಲಿದ್ದರು!

ಮೈಸೂರು ಅರಸರು ಬೇಟೆಯಾಡುತ್ತಿದ್ದ ಈ ಕಾಡು 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕೋವಿ ಹೋಯಿತು, ಕ್ಯಾಮೆರಾ ಬಂದಿತು. ಕೈಗೆ ಸಿಕ್ಕಲೇಬೇಕೆಂಬ ಹಟ ಮಾತ್ರ ಬೇಟೆಗಾರನದೇ. ಕಾಡಿನ ನಡುವಣ ಹೆದ್ದಾರಿಯಲ್ಲಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. ಕೆಲವು ಬಸ್ಸುಗಳಿಗೆ, ರೋಗಿಗಳ ವಾಹನಗಳಿಗೆ ವಿನಾಯಿತಿಯೂ ಉಂಟು. ಇಷ್ಟನ್ನೂ ಸಹಿಸದವರು ಹುಲಿ ಕಾಣಲಿಲ್ಲವೆಂದು ದೂರಬಹುದೆ?

ನಮ್ಮ ರಾಯರು ಮೊನ್ನೆ ಊಟಿಗೆ ಹೊರಟು, ಹೊತ್ತು ಮೀರಿ, ಗುಂಡ್ಲುಪೇಟೆಯಲ್ಲಿ ರಾತ್ರಿ ಕಳೆಯಬೇಕಾಯಿತಂತೆ.

“ಕಾಡಿಗೂ ಒಂದು ಬಾಗಿಲೇ ಸ್ವಾಮಿ! ಯಾರಿಗಾಗಿ?” ಎಂದು ಕೋಪಿಸಿಕೊಂಡರು.

“ತಾವು ಅಂದು ಕೇಳಿದಿರಲ್ಲ, ಅದಕ್ಕಾಗಿ” ಎಂದೆ.