ಲಿಜವೇತಾ ತೇಪೆ ಹಾಕಿದ ಅಂಗಿ

ರಷ್ಯದ ದಾಸ್ತೋವ್‌ಸ್ಕಿ 1866ರಲ್ಲಿ ಬರೆದ ‘ಅಪರಾಧ ಮತ್ತು ಶಿಕ್ಷೆ’ ಕಾದಂಬರಿ ಓದಿ ಮುಗಿಸಿದ ಗೆಳೆಯರು ಸಾಮಾನ್ಯವಾಗಿ ಹೇಳೋದು ಒಂದೇ ಮಾತು: ‘ಪಾಪ, ಆ ರಾಸ್ಕೋಲ್ನಿಕೋವ್ ಎಷ್ಟು ಒದ್ದಾಡ್ತಾನೆ!’ ನಮ್ಮ ಮಾತಿನಲ್ಲಿ ಈ ‘ಪಾಪ’ಕ್ಕೆ ಎರಡು ಅರ್ಥ. ಮಾಡಬಾರದ್ದನ್ನು ಮಾಡಿದರೂ ಪಾಪ, ಕನಿಕರ ಬಂದರೂ ಪಾಪ. ಕೊಡಲಿಯಿಂದ ಇಬ್ಬರು ಹೆಂಗಸರ ತಲೆ ಒಡೆದವನು ಮೊದಲನೆಯ ಪಾಪವನ್ನು ಮಾಡಿ, ಎರಡನೆಯ ಪಾಪವನ್ನೂ ತಾನೇ ಗಿಟ್ಟಿಸಿಕೊಳ್ಳುತ್ತಾನೆ. ಸತ್ತವರ ಪಾಲಿಗೆ ಏನು ಉಳಿಯಿತು ಗೆಳೆಯರೆ?

ಹಾಸ್ಟೆಲ್ಲಿನ ಹುಡುಗರಿಗೆ ಅವನು ಹತ್ತಿರದವನಾಗಿ ಕಾಣೋದು ಸಹಜ. ಇಪ್ಪತ್ತಮೂರು ವರ್ಷದ ಕಾನೂನು ವಿದ್ಯಾರ್ಥಿ. ಕೈಯಲ್ಲಿ ಕಾಸಿಲ್ಲದೆ ಓದು ಬಿಟ್ಟಿದ್ದಾನೆ. ಪೀಟರ್ಸ್‌ಬರ್ಗಿನ ಜುಲೈ ತಿಂಗಳ ಸೆಕೆಯಲ್ಲಿ, ಐದು ಅಂತಸ್ತಿನ ಮನೆಯ ಸೂರಿನ ಕೆಳಗೆ, ಬೀರುವಿನಷ್ಟು ಸಣ್ಣ ಕೋಣೆಯಲ್ಲಿ ಬಿದ್ದುಕೊಂಡಿರುತ್ತಾನೆ. ಬಾಡಿಗೆ ಬಾಕಿ. ಎರಡು ದಿನದಿಂದ ಹೊಟ್ಟೆಗೆ ಏನೂ ಇಲ್ಲದಂಥ ಸ್ಥಿತಿ. ಅಪ್ಪನ ಬೆಳ್ಳಿ ಗಡಿಯಾರವನ್ನೂ ತಂಗಿ ಕೊಟ್ಟ ಉಂಗುರವನ್ನೂ ಅಲ್ಯೋನಾ ಇವಾನೋವ್ನಾ ಅನ್ನೋ ಬಡ್ಡಿ ಮುದುಕಿಯ ಹತ್ತಿರ ಗಿರವಿ ಇಟ್ಟಿದ್ದಾನೆ. ಒಂದು ದಿನ ಚಹಾ ಕುಡೀತಾ ಕೂತಿದ್ದಾಗ ಪಕ್ಕದ ಮೇಜಿನಲ್ಲಿ ಒಬ್ಬ ವಿದ್ಯಾರ್ಥಿ ಒಂದು ಲೆಕ್ಕ ಹೇಳುತ್ತಿರುತ್ತಾನೆ: ಯಾರಿಗೂ ಬೇಡದ ಈ ಮುದುಕಿ ಒಬ್ಬಳು ಸತ್ತರೆ ಅವಳ ದುಡ್ಡಿನಿಂದ ನೂರು ಜನ ಬದುಕಬಹುದು. ಈ ಲೆಕ್ಕವನ್ನು ಇವನೂ ಮನಸ್ಸಿನಲ್ಲಿ ಹಾಕುತ್ತಲೇ ಇದ್ದ.

ಮುದುಕಿಯನ್ನು ಕೊಲ್ಲುತ್ತಾನೆ. ಬಾಗಿಲು ಹಾಕೋದನ್ನೇ ಮರೆತಿರುತ್ತಾನೆ. ಮನೆಯಲ್ಲಿ ಇರೋದಿಲ್ಲ ಅಂತ ನಂಬಿದ್ದ ಮುದುಕಿಯ ಮಲತಂಗಿ ಲಿಜವೇತಾ ಒಳಗೆ ಬಂದು ನಿಲ್ಲುತ್ತಾಳೆ. ಅವಳನ್ನೂ ಕೊಲ್ಲುತ್ತಾನೆ. ಅವನ ಲೆಕ್ಕದಲ್ಲಿ ಇವಳು ಇರಲೇ ಇಲ್ಲ.

ಆಮೇಲಿನ ಒದ್ದಾಟವಿದೆಯಲ್ಲ, ಅದನ್ನು ದಾಸ್ತೋವ್‌ಸ್ಕಿ ಬರೆದ ಹಾಗೆ ಬರೆದವರು ಕಡಿಮೆ. ಪಾಪಪ್ರಜ್ಞೆ ಮೊದಲು ಬರೋದು ಮನಸ್ಸಿಗಲ್ಲ, ಮೈಗೆ. ಜ್ವರ ಬರುತ್ತದೆ, ಬಡಬಡಿಸುತ್ತಾನೆ. ಬಾಡಿಗೆ ಬಾಕಿಯ ಸಲುವಾಗಿ ಪೊಲೀಸ್ ಠಾಣೆಗೆ ಕರೆದಿರುತ್ತಾರೆ. ಅಲ್ಲಿ ಕೊಲೆಯ ಮಾತು ಕಿವಿಗೆ ಬಿದ್ದು ಮೂರ್ಛೆ ಹೋಗುತ್ತಾನೆ. ಕದ್ದ ಪರ್ಸನ್ನು ಒಂದು ಕಲ್ಲಿನಡಿ ಹೂತಿಟ್ಟು ಬರುತ್ತಾನೆ, ಬಿಚ್ಚಿ ಸಹ ನೋಡೋದಿಲ್ಲ. ಅದರಲ್ಲಿ ಇದ್ದದ್ದು 317 ರೂಬಲ್ 60 ಕೊಪೆಕ್ ಅಂತ ಗೊತ್ತಾಗೋದು ವಿಚಾರಣೆಯ ಹೊತ್ತಿಗೆ. ನೂರು ಜನರನ್ನು ಬದುಕಿಸೋ ಲೆಕ್ಕ ಏನಾಯಿತು? ಸೇತುವೆಯ ಮೇಲೆ ಯಾರೋ ಹೆಂಗಸು ಭಿಕ್ಷುಕನೆಂದು ತಿಳಿದು ಇಪ್ಪತ್ತು ಕೊಪೆಕ್ ಕೊಟ್ಟರೆ ಅದನ್ನು ನದಿಗೆ ಎಸೆಯುತ್ತಾನೆ. ಎಲ್ಲ ಮನುಷ್ಯರಿಂದ ತನ್ನನ್ನು ತಾನೇ ಕತ್ತರಿಸಿಕೊಂಡ ಹಾಗೆ ಅವನಿಗೆ ಅನಿಸುತ್ತದೆ. ವರ್ಷಗಟ್ಟಲೆ ನೋಡದಿದ್ದ ತಾಯಿ ಮತ್ತು ತಂಗಿ ಊರಿಂದ ಬಂದು ತಬ್ಬಿಕೊಂಡರೆ, ಅವರನ್ನು ತಬ್ಬಲು ಅವನ ಕೈ ಮೇಲೇಳೋದಿಲ್ಲ. ಸೆರೆಮನೆಗಿಂತ ಮೊದಲೇ ಸೆರೆ.

ಇಷ್ಟೆಲ್ಲ ಸರಿ. ಆದರೆ ಅವನು ಯಾವುದಕ್ಕಾಗಿ ಇಷ್ಟು ನರಳುತ್ತಾನೆ? ಸ್ವಲ್ಪ ನಿಧಾನವಾಗಿ ನೋಡಿ. ಜಗತ್ತಿನಲ್ಲಿ ಸಾಮಾನ್ಯರು, ಅಸಾಮಾನ್ಯರು ಅಂತ ಎರಡು ಬಗೆ. ಅಸಾಮಾನ್ಯನಿಗೆ ರಕ್ತ ದಾಟಿ ಹೋಗುವ ಹಕ್ಕಿದೆ ಅಂತ ಅವನು ಒಂದು ಲೇಖನವನ್ನೇ ಬರೆದಿದ್ದ. ಕೊಲೆ ಆದಮೇಲೆ ಅವನನ್ನು ಕೊರೆಯೋದು ಈ ಪ್ರಶ್ನೆ: ನಾನು ನೆಪೋಲಿಯನ್ನೋ, ಇಲ್ಲಾ ಎಲ್ಲರ ಹಾಗೆ ಒಂದು ಹೇನೋ? ನೆಪೋಲಿಯನ್ ಆಗಿದ್ದರೆ ಹೀಗೆ ನಡುಗುತ್ತಿರಲಿಲ್ಲವಲ್ಲ! ತಾನು ಕೊಂದದ್ದು ಮುದುಕಿಯನ್ನಲ್ಲ, ತನ್ನನ್ನೇ ಅಂತ ಸೋನ್ಯಾಳ ಎದುರು ಹೇಳುತ್ತಾನೆ. ಕೇಳೋಕೆ ಚೆನ್ನಾಗಿದೆ. ನೆಲದ ಮೇಲೆ ಹರಿದ ರಕ್ತ ಮಾತ್ರ ಅವನದಲ್ಲ.

ಈಗ ಲಿಜವೇತಾಳ ಕಡೆ ತಿರುಗೋಣ. ಮೂವತ್ತೈದು ವರ್ಷ. ತುಂಬಾ ಎತ್ತರದ ಆಳು, ಅಂಜುಬುರುಕಿ, ಬುದ್ಧಿ ಸ್ವಲ್ಪ ಮಂದ ಅಂತ ಜನ ಆಡಿಕೊಳ್ಳುವವಳು. ಅಕ್ಕನ ಮನೆಯಲ್ಲಿ ಹಗಲೂ ರಾತ್ರಿ ಗೇಯುತ್ತಾಳೆ. ಅಡುಗೆ ಇವಳದೇ, ಬಟ್ಟೆ ಒಗೆಯೋದು ಇವಳದೇ, ಹೊಲಿಗೆಯೂ ಇವಳದೇ. ಹೊರಗೆ ಹೋಗಿ ಬೇರೆಯವರ ಮನೆ ನೆಲ ತೊಳೆದು ಬಂದ ಕೂಲಿಯನ್ನೂ ಅಕ್ಕನ ಕೈಗೇ ಕೊಡಬೇಕು. ಅಕ್ಕ ಹೊಡೆಯುತ್ತಾಳೆ, ಸಿಟ್ಟಿನಲ್ಲಿ ಒಮ್ಮೆ ಬೆರಳು ಕಚ್ಚಿದ್ದಳು. ಉಯಿಲಿನಲ್ಲಿ ದುಡ್ಡೆಲ್ಲ ಮಠಕ್ಕೆ, ತಂಗಿಗೆ ಕುರ್ಚಿ ಮುಂತಾದ ಸಾಮಾನಷ್ಟೇ. ಬೀದಿಯಲ್ಲಿ ಅವಳು ಹಳೇ ಬಟ್ಟೆ ಮಾರುತ್ತಾಳೆ, ಹೇಳಿದ ಬೆಲೆ ಒಂದೇ, ಮೋಸ ಇಲ್ಲ. ಕೊಡಲಿ ಎತ್ತಿದಾಗ ಅವಳು ಕೂಗಲಿಲ್ಲ, ಮುಖ ಮುಚ್ಚಿಕೊಳ್ಳಲೂ ಇಲ್ಲ. ಎಡಗೈಯನ್ನು ಸ್ವಲ್ಪ ಮುಂದೆ ಚಾಚಿದಳು, ಮಗುವಿನ ಹಾಗೆ. ಅಷ್ಟು ಹೊಡೆತ ತಿಂದವಳಿಗೆ ತಲೆಗೆ ಕೈ ಅಡ್ಡ ಹಿಡಿಯೋದೂ ಹೊಳೆಯಲಿಲ್ಲ.

ಅವನು ಜ್ವರದಲ್ಲಿ ಮಲಗಿದ್ದಾಗ ಗೆಳೆಯರು ಕೊಲೆಯ ಸುದ್ದಿ ಮಾತಾಡುತ್ತಿರುತ್ತಾರೆ. ಮನೆಗೆಲಸದ ನಸ್ತಾಸ್ಯಾ ಬಾಗಿಲ ಹತ್ತಿರ ನಿಂತು ಹೇಳುತ್ತಾಳೆ: ಲಿಜವೇತಾಳನ್ನೂ ಕೊಂದುಬಿಟ್ಟರಂತೆ, ನಿನ್ನ ಅಂಗಿಗೂ ಒಂದು ಸಲ ತೇಪೆ ಹಾಕಿಕೊಟ್ಟಿದ್ದಳಲ್ಲ, ಅವಳೇ. ರಾಸ್ಕೋಲ್ನಿಕೋವ್ ಗೋಡೆ ಕಡೆ ಮಗ್ಗುಲಾಗುತ್ತಾನೆ. ಗೋಡೆಗೆ ಅಂಟಿಸಿದ ಹಳದಿ ಕಾಗದದ ಮೇಲಿನ ಒಂದು ಬಿಳಿ ಹೂವನ್ನು ಹಿಡಿದು ಅದಕ್ಕೆ ಎಷ್ಟು ಎಸಳು ಅಂತ ಎಣಿಸತೊಡಗುತ್ತಾನೆ.

ನಮ್ಮ ಪ್ರಕಾರ ಇಡೀ ಕಾದಂಬರಿಯ ಒಳಗುಟ್ಟು ಈ ಹೂವಿನ ಎಸಳಲ್ಲಿದೆ. ಮುದುಕಿಯ ಕೊಲೆಗೆ ಅವನ ಹತ್ತಿರ ವಾದವಿದೆ. ಬಡ್ಡಿ ತಿಂದಳು, ರಕ್ತ ಹೀರಿದಳು ಅಂತ ಹೇಳಬಹುದು. ತೇಪೆ ಹಾಕಿದವಳ ಕೊಲೆಗೆ ಯಾವ ವಾದವೂ ಒದಗೋದಿಲ್ಲ. ವಾದ ಇಲ್ಲದ ಕಡೆ ಮನುಷ್ಯ ಗೋಡೆ ನೋಡುತ್ತಾನೆ. ತಾನು ಲಿಜವೇತಾಳನ್ನು ಕೊಂದೇ ಇಲ್ಲವೇನೋ ಎಂಬಂತೆ ಅವಳ ನೆನಪೇ ಬರುತ್ತಿಲ್ಲವಲ್ಲ ಅಂತ ಅವನಿಗೇ ಒಂದು ಸಲ ಆಶ್ಚರ್ಯವಾಗುತ್ತದೆ. ಅಷ್ಟೇ, ಮತ್ತೆ ತಳ್ಳಿಬಿಡುತ್ತಾನೆ. ಕನಸಿನಲ್ಲಿ ಬಂದು ನಗೋದು ಕೂಡ ಮುದುಕಿಯೇ.

ಆದರೆ ತಳ್ಳಿದ್ದು ಬೇರೆ ದಾರಿಯಲ್ಲಿ ಬರುತ್ತದೆ. ಹೊಟ್ಟೆಪಾಡಿಗೆ ಮೈ ಮಾರಿಕೊಳ್ಳಬೇಕಾಗಿ ಬಂದ ಸೋನ್ಯಾಳ ಹತ್ತಿರ ಅವನು ನಿಜ ಹೇಳಲು ಹೋಗುತ್ತಾನೆ. ಹೇಳುವಾಗ ‘ನಾನು’ ಅನ್ನೋದು ಬಾಯಿಗೆ ಬರೋದಿಲ್ಲ. ‘ಅವನು’ ಮುದುಕಿಯನ್ನು ಮಾತ್ರ ಕೊಲ್ಲಬೇಕು ಅಂತಿದ್ದ, ಲಿಜವೇತಾ ಬಂದಳು, ಅವಳನ್ನೂ ‘ಅವನು’ ಕೊಂದ ಅಂತಾನೆ. ಸೋನ್ಯಾಗೆ ಅರ್ಥವಾಗುತ್ತದೆ. ಅವಳು ಹೆದರಿ ಹಿಂದೆ ಸರಿದು ಎಡಗೈ ಚಾಚುತ್ತಾಳೆ. ಅದೇ ಕೈ, ಅದೇ ಮುಖ! ಕೊಲೆಗಾರನಿಗೆ ಆಗ ಕಣ್ಣೆದುರು ಕಾಣೋದು ಲಿಜವೇತಾ. ಪತ್ತೇದಾರ ಪೋರ್ಫಿರಿಯ ಜಾಣತನವೆಲ್ಲ ಸೇರಿ ಮಾಡಲಾಗದ್ದನ್ನು ಒಬ್ಬ ಬಡ ಹುಡುಗಿಯ ಕೈ ಮಾಡಿತು.

ಇನ್ನೊಂದು ವಿಷಯ. ಈ ಪುಸ್ತಕದಲ್ಲಿ ಪಾಪಪ್ರಜ್ಞೆ ಅನ್ನೋದು ತಪ್ಪಿನ ತೂಕ ನೋಡಿ ಹಂಚಿಕೆ ಆಗಿಲ್ಲ. ಸ್ಥಿತಿವಂತ ಲೂಜಿನ್ ನೂರು ರೂಬಲ್ ನೋಟನ್ನು ಗುಟ್ಟಾಗಿ ಸೋನ್ಯಾಳ ಜೇಬಿಗೆ ಹಾಕಿ, ತುಂಬಿದ ಜನರ ನಡುವೆ ಅವಳನ್ನೇ ಕಳ್ಳಿ ಅನ್ನುತ್ತಾನೆ. ಸಿಕ್ಕಿಬಿದ್ದ ಮೇಲೂ ಅವನಿಗೆ ನಾಚಿಕೆ ಇಲ್ಲ. ಅದೇ ಸೋನ್ಯಾ, ಮಲತಾಯಿ ಆಸೆಪಟ್ಟು ಕೇಳಿದ ಅಂಗಿಯ ಕಾಲರನ್ನು ಕೊಡಲಿಲ್ಲವಲ್ಲ ಅಂತ ಕೊರಗುತ್ತಾಳೆ. (ಆ ಕಾಲರು ಅಗ್ಗಕ್ಕೆ ತಂದುಕೊಟ್ಟವಳೂ ಲಿಜವೇತಾಳೇ.) ಬಣ್ಣ ಬಳಿಯುವ ಕೂಲಿ ಹುಡುಗ ಮಿಕೋಲ್ಕಾ ಏನೂ ಮಾಡಿಲ್ಲ. ಬಿದ್ದಿದ್ದ ಓಲೆ ಸಿಕ್ಕಿದ್ದವು, ಒತ್ತೆ ಇಟ್ಟ, ಅಷ್ಟೇ. ಕೊಲೆ ಸುದ್ದಿ ಕೇಳಿ ಹೆದರಿ ನೇಣು ಹಾಕಿಕೊಳ್ಳಲು ಹೋಗುತ್ತಾನೆ. ಕೊನೆಗೆ ಅಧಿಕಾರಿಯ ಮುಂದೆ ಮಂಡಿಯೂರಿ ಕೊಂದವನು ನಾನೇ ಅನ್ನುತ್ತಾನೆ! ಅವನ ಪಂಥದವರಿಗೆ ಕಷ್ಟ ಅನುಭವಿಸೋದೇ ಪುಣ್ಯವಂತೆ. ಅವನನ್ನು ನಮ್ಮೂರಿಗೆ ಎಳೆದು ತರೋದು ಬೇಡ. ಅವನ ದೇವರು ಬೇರೆ, ಅವನ ಕಾಲ ಬೇರೆ. ರಷ್ಯದ ಜೀತದಾಳುಗಳಿಗೆ ಬಿಡುಗಡೆ ಸಿಕ್ಕಿದ್ದೇ 1861ರಲ್ಲಿ. ಆದರೆ ಮಾಡದ ತಪ್ಪಿಗೆ, ಹೋದ ಜನ್ಮದ ಪಾಪ ಅಂತ ಹೇಳಿಸಿಕೊಂಡು ತಲೆ ತಗ್ಗಿಸಿದ ಹಿರೀಕರ ಮಕ್ಕಳಿಗೆ ಮಿಕೋಲ್ಕಾನ ಮಂಡಿ ಏನು ಹೇಳುತ್ತದೆ ಅಂತ ಬೇರೆಯವರು ವಿವರಿಸಬೇಕಾಗಿಲ್ಲ.

ದಾಸ್ತೋವ್‌ಸ್ಕಿಯ ಮದ್ದು ಧರ್ಮ. ಅದು ನಮಗೆ ಒಪ್ಪಿಗೆ ಇಲ್ಲ. ನಿಷೇಧಿತ ಪತ್ರ ಓದಿದ ಆರೋಪದ ಮೇಲೆ 1849ರಲ್ಲಿ ಜೈಲು ಸೇರಿ, ಗುಂಡಿಕ್ಕುವ ಮೈದಾನದವರೆಗೆ ಹೋಗಿ ಬಂದು, ಓಮ್ಸ್ಕ್‌ನಲ್ಲಿ ನಾಲ್ಕು ವರ್ಷ ಕೈದಿಯಾಗಿದ್ದವನು ಆಮೇಲೆ ಜಾರ್ ದೊರೆಯ ಪರ ನಿಂತದ್ದೂ ನಮಗೆ ಒಪ್ಪಿಗೆ ಇಲ್ಲ. ಆದರೆ ಬರಹಗಾರನಾಗಿ ಅವನು ಸುಳ್ಳು ಹೇಳಲಿಲ್ಲ. ಪಶ್ಚಾತ್ತಾಪವನ್ನು ಅಗ್ಗವಾಗಿ ಕೊಡಲಿಲ್ಲ. ರಾಸ್ಕೋಲ್ನಿಕೋವ್ ಪೇಟೆಬೀದಿಯಲ್ಲಿ ಮಂಡಿಯೂರಿ ನೆಲಕ್ಕೆ ಮುತ್ತಿಟ್ಟಾಗ ಜನ ಕುಡುಕ ಅಂತ ನಗುತ್ತಾರೆ, ಬಾಯಿಗೆ ಬಂದ ಮಾತು ಗಂಟಲಲ್ಲೇ ಉಳಿಯುತ್ತದೆ. ಕೊನೆಗೆ ಠಾಣೆಯಲ್ಲಿ ತಪ್ಪೊಪ್ಪಿಕೊಳ್ಳುವ ಒಂದೇ ವಾಕ್ಯದಲ್ಲಿ ಮುದುಕಿಯ ಹೆಸರು ಇಲ್ಲ, ಲಿಜವೇತಾಳ ಹೆಸರು ಇದೆ.

ಎಂಟು ವರ್ಷ ಕಠಿಣ ಶಿಕ್ಷೆ ಆಗುತ್ತದೆ. ಸೈಬೀರಿಯಾದಲ್ಲೂ ಬಹುಕಾಲ ಅವನಿಗೆ ಪಶ್ಚಾತ್ತಾಪ ಇಲ್ಲ. ಸೋತೆನಲ್ಲ ಅನ್ನೋ ನಾಚಿಕೆ ಮಾತ್ರ. ಜೊತೆಯ ಕೈದಿಗಳಿಗೆ ಅವನನ್ನು ಕಂಡರೆ ಆಗೋದಿಲ್ಲ. ಕೊಡಲಿ ಹಿಡಿಯೋದು ದೊಡ್ಡ ಮನುಷ್ಯರ ಕೆಲಸವಲ್ಲ ಅಂತ ಮೂದಲಿಸುತ್ತಾರೆ. ಸೋನ್ಯಾಳನ್ನು ಕಂಡರೆ ಮಾತ್ರ ಅವರೆಲ್ಲ ಟೋಪಿ ತೆಗೆಯುತ್ತಾರೆ.

ಕೊನೆಯ ಪುಟದ ಹೊತ್ತಿಗೆ ಅವನ ದಿಂಬಿನಡಿ ಒಂದು ಬೈಬಲ್ಲಿನ ಪುಸ್ತಕ ಇರುತ್ತದೆ. ಸೋನ್ಯಾ ಅವನಿಗೆ ಸತ್ತು ಎದ್ದ ಲಾಜರನ ಕಥೆ ಓದಿ ಹೇಳಿದ್ದ ಅದೇ ಹಳೇ ಪ್ರತಿ. ಅದನ್ನು ಸೋನ್ಯಾಗೆ ತಂದುಕೊಟ್ಟಿದ್ದವಳು ಲಿಜವೇತಾ. ಅವನು ಅದನ್ನು ಕೈಗೆ ತೆಗೆದುಕೊಳ್ಳುತ್ತಾನೆ, ಇನ್ನೂ ತೆರೆಯೋದಿಲ್ಲ. ಆಗಲೂ ಅವನು ನೆನೆಯೋದು ಸೋನ್ಯಾಳನ್ನು.