ಉದುರಿದ ಪೈಸೆಯ ಲೆಕ್ಕ

ಒಂದು ಪ್ರೋಗ್ರಾಮಿಂಗ್ ಭಾಷೆಯ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮರ್ ಓದಿ ತಿದ್ದಬಲ್ಲ ಮೂಲಪಠ್ಯವನ್ನು, ತಾನಾಗಿಯೇ ಇನ್ನೊಂದು ಭಾಷೆಗೆ ಅನುವಾದಿಸುವ ತಂತ್ರಾಂಶಕ್ಕೆ ಟ್ರಾನ್ಸ್‌ಪೈಲರ್ ಎಂದು ಹೆಸರು. ವ್ಯಾಕರಣ ಬಿಗಿಯಾಗಿರುವ, ಶ್ಲೇಷೆಗೆ ಎಡೆಯಿಲ್ಲದ ಈ ಭಾಷೆಗಳ ಅನುವಾದ ಕಾವ್ಯಾನುವಾದಕ್ಕಿಂತ ಸಲೀಸೆಂದು ತೋರಿದರೂ, ತೊಡಕಿರುವುದು ವ್ಯಾಕರಣದಲ್ಲಲ್ಲ, ಪ್ರತಿ ಭಾಷೆಯೂ ಹೇಳದೆ ಪಾಲಿಸಿಕೊಂಡು ಬಂದ ರೂಢಿಗಳಲ್ಲಿ.

1960ರ ಸುಮಾರಿಗೆ ರೂಪುಗೊಂಡು ಇಂದಿಗೂ ಅನೇಕ ಬ್ಯಾಂಕುಗಳ ಲೆಕ್ಕ ನಡೆಸುತ್ತಿರುವ ಕೋಬಾಲ್ ಭಾಷೆಯನ್ನು ಜಾವಾಕ್ಕೆ ತರುವ ಕೆಲಸವನ್ನೇ ನೋಡಬಹುದು. ಕೋಬಾಲ್‌ನಲ್ಲಿ ಮೊತ್ತವೊಂದಕ್ಕೆ ದಶಮಾಂಶದ ನಂತರ ಎರಡೇ ಅಂಕಿಗಳ ಜಾಗವಿದ್ದು, ಬಡ್ಡಿ 12.349 ಎಂದು ಬಂದರೆ, ಆ ಸಾಲಿನಲ್ಲಿ ‘ರೌಂಡೆಡ್’ ಎಂಬ ಪದವಿಲ್ಲದ ಪಕ್ಷದಲ್ಲಿ ಕೊನೆಯ 9 ಸದ್ದಿಲ್ಲದೆ ಉದುರಿ 12.34 ಉಳಿಯುತ್ತದೆ, ಪದವಿದ್ದರೆ 12.35 ಆಗುತ್ತದೆ. ಜಾವಾದ ‘ಡಬಲ್’ ಎಂಬ ಸಂಖ್ಯೆಯ ಬಗೆಯಾದರೋ ದಶಮಾಂಶಗಳನ್ನು ದ್ವಿಮಾನ ಪದ್ಧತಿಯಲ್ಲಿ ಅಂದಾಜಾಗಿ ಇಟ್ಟುಕೊಳ್ಳುವುದರಿಂದ, 0.1ಕ್ಕೆ 0.2 ಕೂಡಿಸಿದರೆ 0.30000000000000004 ಎನ್ನುತ್ತದೆ. ಇದನ್ನು ತಪ್ಪಿಸಲು ಟ್ರಾನ್ಸ್‌ಪೈಲರ್ ‘ಬಿಗ್‌ಡೆಸಿಮಲ್’ ಎಂಬ ನಿಖರ ದಶಮಾಂಶದ ಬಗೆಯನ್ನು ಬಳಸಿ, ಅಂಕಿ ಕತ್ತರಿಸುವ ನಿಯಮವನ್ನು ಹೆಜ್ಜೆಹೆಜ್ಜೆಗೂ ಬರೆದರೆ ಲೆಕ್ಕವೇನೋ ಸರಿಬರುತ್ತದೆ, ಆದರೆ ಹುಟ್ಟುವುದು ಜಾವಾದ ವೇಷ ತೊಟ್ಟ ಕೋಬಾಲ್. ವೃತ್ತಿಯವರು ಇದನ್ನು ‘ಜೋಬಾಲ್’ ಎಂದು ಗೇಲಿ ಮಾಡುವುದರಲ್ಲಿ ಅನ್ಯಾಯವಿಲ್ಲ. ತಿದ್ದುಪಡಿಗೆ ಎರಡೂ ಭಾಷೆ ಬಲ್ಲವರೇ ಬೇಕಾಗುತ್ತಾರೆ.

ಫೋರ್ಟ್ರಾನ್ 77 ಅನ್ನು ಸಿ ಭಾಷೆಗೆ ತಿರುಗಿಸಲು 1990ರ ಹೊತ್ತಿಗೆ ಸಿದ್ಧವಾದ ‘ಎಫ್‌ಟುಸಿ’ಯದೂ ಇದೇ ಸ್ವಭಾವ. ಫೋರ್ಟ್ರಾನ್ ತನ್ನ ಕೋಷ್ಟಕಗಳನ್ನು 1ರಿಂದ ಎಣಿಸಿ ಕಂಬಸಾಲಿನಂತೆ ಜೋಡಿಸಿದರೆ, ಸಿ 0ಯಿಂದ ಎಣಿಸಿ ಅಡ್ಡಸಾಲಿನಂತೆ ಜೋಡಿಸುತ್ತದೆ. ಎಫ್‌ಟುಸಿ ಹಳೆಯ ಜೋಡಣೆಯನ್ನೇ ಉಳಿಸಿಕೊಂಡು ಪ್ರತಿ ಸ್ಥಾನವನ್ನೂ ಗುಣಿಸಿ ಕೂಡಿಸಿ ಹುಡುಕುತ್ತದೆ. ಓದಲು ತ್ರಾಸವಾದ ಆ ಕೋಡ್ ಉತ್ತರದಲ್ಲಿ ಮಾತ್ರ ಎಡವಲಿಲ್ಲವಾದ್ದರಿಂದಲೇ, ಗಣಿತದ ಪ್ರಸಿದ್ಧ ಭಂಡಾರವಾದ ಲಾಪ್ಯಾಕ್‌ನ ಸಿ ಆವೃತ್ತಿ ಅದರಿಂದಲೇ ತಯಾರಾಯಿತು.

ಫೇಸ್‌ಬುಕ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ‘ಟ್ರಾನ್ಸ್‌ಕೋಡರ್’ ಬೇರೆ ದಾರಿಯದು. ಜೋಡಿ ಉದಾಹರಣೆಗಳಿಲ್ಲದೆ ಜಾವಾ, ಪೈಥಾನ್, ಸಿ++ ಕೋಡ್‌ಗಳ ರಾಶಿಯನ್ನಷ್ಟೇ ಓದಿ ಕಲಿತ ಈ ನರಜಾಲದ ಫಲಿತಾಂಶವನ್ನು ಅವರು ಪಠ್ಯದ ಹೋಲಿಕೆಯಿಂದಷ್ಟೇ ತೂಗದೆ, ಕೋಡನ್ನು ಓಡಿಸಿ ಉತ್ತರ ತಾಳೆಯಾಗುತ್ತದೆಯೇ ಎಂದು ನೋಡಿದ್ದು ಸರಿಯಾದ ಒರೆಗಲ್ಲು. ಇಂಥ ಅನುವಾದ ಸ್ವಂತ ಬರಹದಂತೆ ಓದಿಸಿಕೊಳ್ಳುತ್ತದೆ, ಅಪಾಯವಿರುವುದೂ ಅಲ್ಲೇ. ಒರಟು ಕೋಡನ್ನು ಎಲ್ಲರೂ ಅನುಮಾನಿಸುತ್ತಾರೆ, ನಯವಾದದ್ದನ್ನು ಹಾಗೆಯೇ ಒಪ್ಪಿಬಿಡುತ್ತಾರೆ. -7ನ್ನು 2ರಿಂದ ಭಾಗಿಸಿ ಪೂರ್ಣಾಂಕ ಕೇಳಿದರೆ ಪೈಥಾನ್ -4 ಎನ್ನುತ್ತದೆ, ಜಾವಾ -3 ಎನ್ನುತ್ತದೆ; ಧನಸಂಖ್ಯೆಗಳನ್ನಷ್ಟೇ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ ಎರಡರ ಉತ್ತರವೂ ಒಂದೇ.