ಪಾಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಅದರಲ್ಲಿಯೂ ನೂರು ವರ್ಷದ ಮನೆಯನ್ನು ಕೊಳ್ಳುವ ಸಾಹಸಿಗಳು ಮುಂದೆ ಹುಟ್ಟಿಯಾರೆಂದು ಅವರು ಎಣಿಸಿರಲಿಲ್ಲವೆಂದು ತೋರುತ್ತದೆ. ಈ ವಾರ ವಾಚಕರಿಗೆ ಅಂಥ ನನ್ನದೊಂದು ಸಾಹಸವನ್ನು ನಿವೇದಿಸುತ್ತೇನೆ.

ಅಧ್ಯಾಪಕನಾದ ಹತ್ತು ವರ್ಷಗಳಲ್ಲಿ ನಾಲ್ಕು ಬಾಡಿಗೆ ಮನೆಗಳನ್ನು ಕಂಡವನು ನಾನು. ಪ್ರತಿ ಸಲ ಪುಸ್ತಕಗಳ ಗಂಟು ಕಟ್ಟುವಾಗಲೂ ಸ್ವಂತ ಸೂರಿನ ಹಂಬಲ ಬಲಿಯುತ್ತಿತ್ತು. ಹೀಗಿರಲು, ಮೈಸೂರಿನ ಹಳೆಯ ಅಗ್ರಹಾರದ ಬೀದಿಯೊಂದರಲ್ಲಿ ತೊಟ್ಟಿಮನೆಯೊಂದು ಮಾರಾಟಕ್ಕಿದೆಯೆಂದು ದಲ್ಲಾಳಿ ಸುದ್ದಿ ತಂದನು. ಒಂದು ಭಾನುವಾರ ಮಡದಿಯೊಡನೆ ನೋಡಲು ಹೋದೆ.

ನೋಡಿದೆ, ಮರುಳಾದೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟು, ಈಗಿನ ಅರಮನೆ 1912ರಲ್ಲಿ ಮುಗಿಯಿತಷ್ಟೆ. ಈ ಮನೆಗೂ ಹೆಚ್ಚುಕಡಮೆ ಅದೇ ವಯಸ್ಸು. 40 ಅಡಿ ಅಗಲ, 120 ಅಡಿ ಉದ್ದ. ಬೀದಿಗೆ ಜಗಲಿ, ದಾಟಿದರೆ ಹಜಾರ, ಅದರಾಚೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತಲೂ ಬೋದಿಗೆ ಹೊತ್ತ ಮರದ ಕಂಬಗಳು, ಹಿತ್ತಿಲಲ್ಲಿ ಬಾವಿ. ತೊಟ್ಟಿಯೊಳಕ್ಕೆ ಇಳಿದಿದ್ದ ಬೆಳಗಿನ ಬಿಸಿಲನ್ನು ಕಂಡು ನನ್ನ ಪುಸ್ತಕಗಳಿಗೆ ಮೂಲೆಯನ್ನೂ ಗೊತ್ತುಮಾಡಿಬಿಟ್ಟೆ.

ಆದರೆ ಹಳೆಯ ಕಟ್ಟಡವನ್ನು ಕಣ್ಣಿನಿಂದಷ್ಟೆ ನೋಡಿದರೆ ಸಾಲದು. 2012ರ ಆಗಸ್ಟಿನಲ್ಲಿ ಇದೇ ಊರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತುದನ್ನು ಮರೆಯುವಂತಿಲ್ಲ. ಆದುದರಿಂದ ವೃದ್ಧ ಮೇಸ್ತ್ರಿಯೊಬ್ಬರನ್ನು ಕರೆದೊಯ್ದೆ. ಅವರು ತೊಲೆಗಳ ತುದಿಯನ್ನು ತಟ್ಟಿ ಸದ್ದು ಕೇಳಿದರು. ತೊಲೆ ಗೋಡೆಯನ್ನು ಹೊಗುವೆಡೆಯಲ್ಲಿಯೇ ತೇವವೂ ಗೆದ್ದಲೂ ಮನೆಮಾಡುವುದಂತೆ. ಮೇಲಿನದು ಮದ್ರಾಸ್ ತಾರಸಿ: ಮರದ ಜಂತೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಗಾರೆಯಲ್ಲಿ ಬಿಗಿದದ್ದು. ಒಂದು ಕಡೆ ಯಾರೋ ಗೋಡೆಗೆ ಸಿಮೆಂಟು ಬಳಿಸಿದ್ದರು. ಮೇಸ್ತ್ರಿ ತಲೆಯಾಡಿಸಿ, "ಸುಣ್ಣದ ಗೋಡೆ ಉಸಿರಾಡ್ತದೆ ಸ್ವಾಮಿ. ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಬರೋಕಾಗದೆ ಗೋಡೇನೇ ತಿಂದುಹಾಕ್ತದೆ. ಕೆತ್ತಿಸಿ ತೆಗೆಸಿ, ಮನೆ ಗಟ್ಟಿಯಾಗಿದೆ" ಎಂದರು.

ಇನ್ನು ಕಾಗದಪತ್ರ. ಉಪನೋಂದಣಿ ಕಚೇರಿಯ ಋಣಭಾರ ಪತ್ರ ನಿಷ್ಕಳಂಕವಾಗಿತ್ತು. ನಗರಪಾಲಿಕೆಯ ಖಾತೆ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿತ್ತು. ಅವರು ಈಗಿಲ್ಲ, ಮಾರುವವರು ಅವರ ಮಕ್ಕಳು. ಎಲ್ಲವೂ ಸರಿಯೆಂದು ನಾನು ಹಿಗ್ಗುತ್ತಿದ್ದಾಗ, ನಡುಮನೆಯಿಂದ ಎಂಬತ್ತು ದಾಟಿದ ವೃದ್ಧೆಯೊಬ್ಬರು ಎರಡು ಲೋಟ ಕಾಫಿ ಹಿಡಿದು ಬಂದರು.

"ನಮ್ಮ ಅತ್ತೆ" ಎಂದರು ಮಾರುವವರಲ್ಲಿ ಹಿರಿಯರು. "ಗಂಡ ತೀರಿಕೊಂಡ ಮೇಲೆ ಇಲ್ಲಿಯೇ ಇದ್ದಾರೆ. ನಾವು ಕರೆದುಕೊಂಡು ಹೋಗುತ್ತೇವೆ, ಅದಕ್ಕೇನೂ ತೊಂದರೆಯಿಲ್ಲ."

ಮಡದಿ ಆಕೆಯ ಬಳಿ ಕುಳಿತು, "ಅಜ್ಜಿ, ಈ ಮನೆಯಲ್ಲಿ ನಿಮಗೂ ಪಾಲಿದೆಯಲ್ಲವೆ?" ಎಂದು ಕೇಳಿಯೇಬಿಟ್ಟಳು. ವೃದ್ಧೆ ನಕ್ಕು, "ನನಗೆಲ್ಲಿಯ ಪಾಲು ಮಗು? ನಲವತ್ತು ವರ್ಷದಿಂದ ಈ ತೊಟ್ಟಿ ಗುಡಿಸಿ ರಂಗೋಲಿ ಹಾಕುವುದು, ಅದೇ ನನ್ನ ಪಾಲಿಗೆ ಬಂದದ್ದು" ಎಂದರು.

ಮರುದಿನ ವಕೀಲ ಮಿತ್ರರನ್ನು ಕಂಡೆ. ಮನೆ ಆಕೆಯ ತಂದೆಯ ಸ್ವಯಾರ್ಜಿತ. ಅವರು 1968ರಲ್ಲಿ ಉಯಿಲು ಬರೆಯದೆ ತೀರಿಕೊಂಡವರು. ಅಂಥ ಆಸ್ತಿಯಲ್ಲಿ ಮಗನಷ್ಟೇ ಪಾಲು ಮಗಳಿಗೂ ಉಂಟೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳಿತ್ತು. ಆದರೆ ಕುಟುಂಬ ವಾಸಿಸುವ ಮನೆಗೆ ಅದರ 23ನೆಯ ಕಲಮು ಒಂದು ಅಗಳಿ ಹಾಕಿತ್ತು: ಗಂಡುಮಕ್ಕಳು ವಿಭಾಗಕ್ಕೆ ಮನಸ್ಸು ಮಾಡುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ಆ ಅಗಳಿಯನ್ನು 2005ರ ತಿದ್ದುಪಡಿ ತೆಗೆಯಿತು. ಹುಟ್ಟಿನಿಂದಲೂ ಸಾವಿನಿಂದಲೂ ಬರುವ ಹಕ್ಕು ಋಣಭಾರ ಪತ್ರದಲ್ಲಿ ಕಾಣಿಸದು. ಅಲ್ಲಿ ಕಾಣಿಸುವುದು ನೋಂದಣಿಯಾದ ವ್ಯವಹಾರ ಮಾತ್ರ. ಕಾಫಿ ತಂದುಕೊಟ್ಟ ಅಜ್ಜಿ ನಾಲ್ಕರಲ್ಲೊಂದು ಪಾಲಿನ ಒಡತಿ!

ಈ ಸಂಗತಿಯನ್ನು ನಾನು ಮನೆಯಲ್ಲಿ ಅಭಿಮಾನದಿಂದಲೇ ಬಣ್ಣಿಸಿದೆ. "ಅವರ ಸಹಿಯಿಲ್ಲದೆ ಕೊಳ್ಳುವುದು ಅನ್ಯಾಯ" ಎಂದೆ. ಮಡದಿ ಅಕ್ಕಿ ಆರಿಸುತ್ತ, ತಲೆಯೆತ್ತದೆಯೆ, "ಹಣಕ್ಕೆ ಅರಸೀಕೆರೆಯ ತೆಂಗಿನ ತೋಟದ ನಿಮ್ಮ ಪಾಲನ್ನು ಮಾರುತ್ತೀರಲ್ಲ, ಅದಕ್ಕೆ ನಿಮ್ಮ ಅಕ್ಕನನ್ನು ಕೇಳಿದ್ದೀರಾ?" ಎಂದಳು.

ವಾಚಕರೆ, ನನ್ನ ವಾಕ್ಚಾತುರ್ಯವೆಲ್ಲ ಅಲ್ಲಿಗೆ ಅಡಗಿತು. ಅಕ್ಕ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿದ್ದುಂಟು. ಅಂದು ಅವಳಿಗೆ ಅರಿಶಿನ ಕುಂಕುಮದೊಡನೆ ಒಂದು ರೇಷ್ಮೆ ಸೀರೆ ಕೊಟ್ಟಿದ್ದೆವು. ಬೆರಳಿಟ್ಟು ತೋರಿಸಿದೆಡೆಯಲ್ಲಿ ಸಹಿ ಹಾಕಿದಳು. ಏನೆಂದು ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ.

ಅಗ್ರಹಾರದ ಮನೆಯವರಿಗೆ ನನ್ನ ಷರತ್ತನ್ನು ತಿಳಿಸಿದೆ. ಹಿರಿಯರು ಸಜ್ಜನರು. "ಅತ್ತೆಯನ್ನು ಕೇಳಬೇಕೆಂದು ನಮಗೆ ತೋಚಲೇ ಇಲ್ಲ" ಎಂದು ಸಂಕೋಚದಿಂದ ನುಡಿದರು, ಕೇಳಿಯೂ ಕೇಳಿದರು. ಆಕೆ, "ನನ್ನನ್ನು ಕೇಳುವುದಾದರೆ, ನಾನಿರುವವರೆಗೆ ಮಾರುವುದು ಬೇಡ" ಎಂದರಂತೆ. ದಲ್ಲಾಳಿ ಇಂದಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ.

ಇನ್ನೊಂದು ಕೆಲಸ ಉಳಿದಿತ್ತು. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಬಸ್ಸು ಹತ್ತಿ ಅಕ್ಕನ ಊರಿಗೆ ಹೋದೆ. ಊಟವಾದ ಮೇಲೆ ವಿಷಯ ತೆಗೆದು, "ತೋಟದಲ್ಲಿ ನಿನ್ನ ಪಾಲು ನಿನಗೆ ಬರಬೇಕು" ಎಂದೆ. "ಕೇಳಿದೆಯಲ್ಲ, ಅಷ್ಟೇ ಸಾಕಪ್ಪ" ಎಂದಾಳೆಂದು ಒಳಗೊಳಗೇ ನಿರೀಕ್ಷಿಸಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಅಕ್ಕ ಎಲೆ ಎತ್ತುತ್ತ ಬಹಳ ಹೊತ್ತು ಸುಮ್ಮನಿದ್ದು, "ಯೋಚಿಸಿ ಹೇಳುತ್ತೇನೆ" ಎಂದಳು.

ಅವಳು ಯೋಚಿಸುತ್ತಿದ್ದಾಳೆ. ನಾವು ಬಾಡಿಗೆ ಮನೆಯಲ್ಲಿಯೇ ಇದ್ದೇವೆ. ಈ ನವರಾತ್ರಿಗೆ ಬೊಂಬೆ ನೋಡಲು ತಪ್ಪದೆ ಬರಬೇಕೆಂದು ಅಗ್ರಹಾರದ ಅಜ್ಜಿ ಹೇಳಿಕಳುಹಿಸಿದ್ದಾರೆ.